ಎಲೆ ಕತ್ತರಿಸಿದರೆ ಹೂವು ಎಲ್ಲಿಂದ ಬರಬೇಕು?

ಪ್ರಶ್ನೆ: ನಮ್ಮ ಮನೆ ಮೈಸೂರಿನಲ್ಲಿದೆ. ಹತ್ತು ವರ್ಷಗಳ ಹಿಂದೆ ನನ್ನ ಅತ್ತೆ ಸಾಗರದ ತಮ್ಮ ತವರಿನಿಂದ ಕೆಂಪು ಲಿಲ್ಲಿಯ ಒಂದು ಗೆಡ್ಡೆ ತಂದುಕೊಟ್ಟಿದ್ದರು. ದಳದ ನಡುವೆ ಬಿಳಿ ಗೆರೆ ಇರುವ ಹೂವು. ಆ ಒಂದು ಗೆಡ್ಡೆ ಈಗ ಆರು ಕುಂಡಗಳಾಗಿದೆ. ಮೊದಲೆಲ್ಲ ಯುಗಾದಿಯ ಹೊತ್ತಿಗೆ ತಪ್ಪದೆ ಅರಳುತ್ತಿತ್ತು, ಮೂರು ವರ್ಷಗಳಿಂದ ಬರೀ ಎಲೆ. ಹೂವಿನ ಕಾಲ ಮುಗಿದ ಮೇಲೆ ಎಲೆಗಳು ಜೋತುಬಿದ್ದು ಕುಂಡ ಚೆನ್ನಾಗಿ ಕಾಣುವುದಿಲ್ಲವೆಂದು ಪ್ರತಿವರ್ಷ ಬುಡದವರೆಗೆ ಕತ್ತರಿಸುತ್ತೇನೆ. ನೀರನ್ನು ವರ್ಷವಿಡೀ ತಪ್ಪದೆ ಹಾಕುತ್ತೇನೆ. ಅತ್ತೆ ಈಗ ಇಲ್ಲ. ಅವರು ಕೊಟ್ಟ ಈ ಗಿಡವನ್ನು ಹೆಚ್ಚಿಸಿ ನನ್ನ ಇಬ್ಬರು ನಾದಿನಿಯರಿಗೂ ಕೊಡಬೇಕೆಂಬ ಆಸೆ. ಹೇಗೆ ಮಾಡಬೇಕು? ಕಳೆದ ನವೆಂಬರ್‌ನಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಟ್ಯುಲಿಪ್ ಗೆಡ್ಡೆಗಳು ಎರಡೆರಡು ಎಲೆ ಬಿಟ್ಟು ಕೊಳೆತುಹೋದವು. ಅದರ ಕಾರಣವನ್ನೂ ತಿಳಿಸಿ.

ಉತ್ತರ: ನಿಮ್ಮ ಗೆಡ್ಡೆಗಳು ಹಸಿದಿವೆ. ಕಾರಣ ನಿಮ್ಮ ಪತ್ರದಲ್ಲೇ ಇದೆ: ಹೂ ಮುಗಿದ ಮೇಲೆ ಎಲೆಯನ್ನು ಬುಡದವರೆಗೆ ಕತ್ತರಿಸುತ್ತಿದ್ದೀರಿ. ಆ ಕತ್ತರಿಯನ್ನು ದಯವಿಟ್ಟು ಎತ್ತಿಡಿ. ಗೆಡ್ಡೆ ಹೂವುಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲೇ ಇರುತ್ತದೆ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂದು ಈರುಳ್ಳಿಯನ್ನು ಉದ್ದಕ್ಕೆ ಸೀಳಿ ನೋಡಿ. ಕೆಳಗೆ ಬೇರು ಹುಟ್ಟುವ ಜಾಗದಲ್ಲಿ ಗಟ್ಟಿಯಾದ ಒಂದು ಬಿಲ್ಲೆ ಇದೆ. ಅದೇ ಆ ಗಿಡದ ನಿಜವಾದ ಕಾಂಡ. ಅದರ ಮೇಲೆ ಒಂದರೊಳಗೊಂದು ಕೂತಿರುವ ಪದರಗಳೆಲ್ಲ ಎಲೆಯ ಬುಡಗಳು. ನಿಮ್ಮ ಲಿಲ್ಲಿಯ ಗೆಡ್ಡೆಯ ರಚನೆಯೂ ಹೀಗೆಯೇ. ಬಿಸಿಲಿನಲ್ಲಿ ಎಲೆ ತಯಾರಿಸಿದ ಸಕ್ಕರೆ ಬುಡಕ್ಕೆ ಇಳಿದು, ಪಿಷ್ಟವಾಗಿ ಈ ಪದರಗಳಲ್ಲಿ ತುಂಬಿಕೊಳ್ಳುತ್ತದೆ. ಎಲೆ ಒಣಗಿ ಬಿದ್ದ ಮೇಲೂ ಅದರ ಬುಡ ಗೆಡ್ಡೆಯ ಒಂದು ಪದರವಾಗಿ ಉಳಿಯುತ್ತದೆ. ಹೂವು ಅರಳುವಾಗ ಖರ್ಚಾಗುವುದು ಈ ಉಳಿತಾಯ. ಹೂದಂಟು ಬಾಡಿದ ದಿನ ಗೆಡ್ಡೆ ಒತ್ತಿ ನೋಡಿದರೆ ಸ್ವಲ್ಪ ಮೆತ್ತಗಿರುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆ ನಡುವಿನ ತಿಂಗಳುಗಳಲ್ಲಿ ದುಡಿಯುವುದು, ನಿಮಗೆ ಚೆನ್ನಾಗಿ ಕಾಣದ ಆ ಜೋತುಬಿದ್ದ ಎಲೆಗಳು.

ಕೆಲವು ವರ್ಷಗಳ ಹಿಂದೆ, ಇದನ್ನು ಕಣ್ಣಾರೆ ನೋಡಬೇಕೆಂದು ನಮ್ಮ ಹಿತ್ತಲಿನ ಎರಡು ಗೆಡ್ಡೆಗಳನ್ನು ಹಳೆಯ ಮಣೆಯ ಮೇಲಿಟ್ಟು ಸೀಳಿದ್ದೆ. ಒಂದು, ನೆಲದಲ್ಲಿ ಎಲೆ ಮುಟ್ಟದೆ ಬಿಟ್ಟು ಬೆಳೆಸಿದ್ದು. ಬೆಳ್ಳಗೆ ದಪ್ಪನೆಯ ಪದರಗಳು, ಕೈಗೆ ಅಂಟುವ ಲೋಳೆ. ನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಎರಡು ಪದರಗಳ ಸಂದಿಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಅಗಲದ ತಿಳಿಹಸಿರು ಮೊಗ್ಗು ಚಪ್ಪಟೆಯಾಗಿ ಮಲಗಿತ್ತು. ಇನ್ನೂ ಒಳಗೆ ಹೋದರೆ ಅಕ್ಕಿಕಾಳಿನಷ್ಟು ಇನ್ನೊಂದು. ಅದಕ್ಕೂ ಒಳಗೆ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ, ಎಳ್ಳಿಗಿಂತ ಸಣ್ಣ ಮತ್ತೊಂದು. ಮುಂದೆ ಅರಳಬೇಕಾದ ಹೂಗಳೆಲ್ಲ ಸರತಿಯಲ್ಲಿ ಕೂತಿದ್ದವು. ಎರಡನೆಯದು, ಹೂವು ಮುಗಿದ ಕೂಡಲೇ ಎಲೆ ಸವರುತ್ತಿದ್ದ ಕುಂಡದ ಗೆಡ್ಡೆ. ಪದರಗಳು ತೆಳ್ಳಗೆ, ಮೊಗ್ಗು ಇರಬೇಕಾದ ಜಾಗದಲ್ಲಿ ಕಂದು ಬಣ್ಣದ, ಒಣಗಿದ ಕಾಗದದಂಥ ಒಂದು ನಾಲಗೆ. ಹೂವು ಅಲ್ಲೂ ಹುಟ್ಟಿತ್ತು, ಬೆಳೆಯಲು ಗತಿಯಿಲ್ಲದೆ ಒಳಗೇ ಸತ್ತಿತ್ತು. ಅದನ್ನು ನೋಡಿದ ದಿನದಿಂದ ಹಸಿರು ಎಲೆಗೆ ನಾನು ಕತ್ತರಿ ಹಾಕಿಲ್ಲ.

ಈ ಗಿಡದಲ್ಲಿ ಒಂದು ಲೆಕ್ಕಾಚಾರವಿದೆ, ಅದು ತಿಳಿದರೆ ಆರೈಕೆ ಸುಲಭ. ಗೆಡ್ಡೆ ಸಾಮಾನ್ಯವಾಗಿ ನಾಲ್ಕು ಎಲೆಗಳನ್ನು ಹುಟ್ಟಿಸಿದ ಮೇಲೆ ಒಂದು ಹೂಗೊಂಚಲಿನ ಮೊಗ್ಗನ್ನು ಇಡುತ್ತದೆ, ಮತ್ತೆ ನಾಲ್ಕು ಎಲೆ, ಮತ್ತೊಂದು ಮೊಗ್ಗು. ಹೀಗೆ ಹುಟ್ಟಿದ ಮೊಗ್ಗು ಹೊರಗೆ ಬಂದು ಅರಳಲು ಸುಮಾರು ಒಂದು ವರ್ಷ ಬೇಕು. ಅಂದರೆ ಬರುವ ಯುಗಾದಿಯ ಹೂವು ಈಗಾಗಲೇ ಗೆಡ್ಡೆಯೊಳಗೆ ಇದೆ, ಅದನ್ನು ಸಾಕುವ ಕೆಲಸ ಈ ಮಳೆಗಾಲದ ಎಲೆಗಳದ್ದು. ಅದರ ಮುಂದಿನ ಯುಗಾದಿಯ ಹೂವು ಈ ವರ್ಷದ ಎಲೆಗಳ ಎಣಿಕೆಯಿಂದಲೇ ಹುಟ್ಟಬೇಕು. ಮೂರು ವರ್ಷ ಎಲೆ ಕಳೆದುಕೊಂಡ ಗೆಡ್ಡೆ ಚೇತರಿಸಿಕೊಳ್ಳಲು ಒಂದು ಪೂರ್ತಿ ವರ್ಷ, ಕೆಲವೊಮ್ಮೆ ಎರಡು ವರ್ಷ ತೆಗೆದುಕೊಳ್ಳುತ್ತದೆ. ಬರುವ ವರ್ಷ ಆರರಲ್ಲಿ ಎರಡು ಕುಂಡ ಅರಳಿದರೂ ಸಂತೋಷಪಡಿ.

ಗಿಡದ ಹೆಸರಿನ ಬಗ್ಗೆ ಎರಡು ಮಾತು, ಏಕೆಂದರೆ ನರ್ಸರಿಗಳಲ್ಲಿ ಇದರಿಂದ ಗೊಂದಲವಾಗುತ್ತದೆ. ನಾವು ಲಿಲ್ಲಿ ಎನ್ನುತ್ತೇವೆ, ನರ್ಸರಿಯವರು ಅಮರಿಲ್ಲಿಸ್ ಎನ್ನುತ್ತಾರೆ, ಸಸ್ಯಶಾಸ್ತ್ರದಲ್ಲಿ ಇದು ಹಿಪ್ಪಿಯಾಸ್ಟ್ರಮ್. ಇದರ ಮೂಲ ದಕ್ಷಿಣ ಅಮೆರಿಕ. ನಿಜವಾದ ಅಮರಿಲ್ಲಿಸ್ ದಕ್ಷಿಣ ಆಫ್ರಿಕಾದ ಬೇರೆ ಗಿಡ. ಕೆಂಪು ದಳ, ನಡುವೆ ಬಿಳಿ ಗೆರೆ ಎಂದು ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಜಾನ್ಸನಿ ಎಂಬ ಹಳೆಯ ಮಿಶ್ರತಳಿ ಅಥವಾ ಅದರ ಹತ್ತಿರದ ಬಂಧು. ಇಂಗ್ಲೆಂಡಿನ ಲ್ಯಾಂಕಶೈರ್‌ನ ಪ್ರೆಸ್ಕಾಟ್ ಎಂಬ ಊರಿನಲ್ಲಿ ಗಡಿಯಾರ ಮಾಡುತ್ತಿದ್ದ ಆರ್ಥರ್ ಜಾನ್ಸನ್ 1799ರಲ್ಲಿ ಎರಡು ಕಾಡು ಜಾತಿಗಳನ್ನು ಕೂಡಿಸಿ ಬೆಳೆಸಿದ ಗಿಡ ಇದು. ಹಿಪ್ಪಿಯಾಸ್ಟ್ರಮ್‌ಗಳಲ್ಲಿ ಮನುಷ್ಯ ಮಾಡಿದ ಮೊದಲ ಮಿಶ್ರತಳಿ ಇದೇ ಎಂದು ಗುರುತಿಸಲಾಗಿದೆ. ಗಡಿಯಾರದವನ ಕಿಟಕಿಯಿಂದ ಹೊರಟ ಗಿಡವೊಂದು ಸಾಗರದ ಹಿತ್ತಲಿಗೆ, ಅಲ್ಲಿಂದ ನಿಮ್ಮ ಮನೆಗೆ ಬಂದಿದೆ ಎಂಬುದು ನನಗಂತೂ ಪುಳಕ ಕೊಡುವ ಸಂಗತಿ. ಈಚಿನ ದೊಡ್ಡ ಹೂವಿನ ಡಚ್ ತಳಿಗಳಿಗಿಂತ ಇದು ಗಟ್ಟಿ ಗಿಡ. ಡಚ್ ತಳಿಗಳ ಗೆಡ್ಡೆಯ ಸುತ್ತಳತೆ 20 ಸೆಂ.ಮೀ. ಆದರೂ ಇರಬೇಕು ಹೂ ಬಿಡಲು, ನಿಮ್ಮ ಹಳೆಯ ತಳಿ ಅದಕ್ಕಿಂತ ಸಣ್ಣ ಗೆಡ್ಡೆಯಲ್ಲೂ ಅರಳುತ್ತದೆ. ಮಲೆನಾಡು, ಕರಾವಳಿಯ ಅಂಗಳಗಳಲ್ಲಿ ಕಾಣುವ ಕಿತ್ತಳೆ ಬಣ್ಣದ, ಗಂಟಲು ಬೆಳ್ಳಗಿರುವ ಲಿಲ್ಲಿ ಇದೇ ಕುಲದ ಇನ್ನೊಂದು ಜಾತಿ. ಮುಂದೆ ಹೇಳುವುದೆಲ್ಲ ಅದಕ್ಕೂ ಹೊಂದುತ್ತದೆ.

ನಿಮ್ಮ ಅತ್ತೆಯ ತವರಿನಲ್ಲಿ ಇದಕ್ಕೆ ಯಾರೂ ವಿಶೇಷ ಆರೈಕೆ ಮಾಡಿರಲಾರರು, ಆದರೂ ಪ್ರತಿವರ್ಷ ಅರಳುತ್ತಿತ್ತು. ಅದರ ಗುಟ್ಟು ಅಲ್ಲಿನ ಹವೆಯಲ್ಲಿದೆ. ಸಾಗರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ, ಆದರೆ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ನವೆಂಬರ್ ಹೊತ್ತಿಗೆ ಮಳೆ ಪೂರ್ತಿ ನಿಂತು ನೆಲ ಒಣಗುತ್ತದೆ, ಚಳಿಗಾಲದಲ್ಲಿ ಹಿತ್ತಲಿನ ಲಿಲ್ಲಿಗೆ ಯಾರೂ ಕೊಡ ಹೊತ್ತು ನೀರು ಹಾಕುವುದಿಲ್ಲ. ಗೆಡ್ಡೆ ಒಣಮಣ್ಣಿನಲ್ಲಿ ಎರಡು ಮೂರು ತಿಂಗಳು ಮಲಗುತ್ತದೆ. ಆ ನಿದ್ದೆಯೇ ಒಳಗಿನ ಮೊಗ್ಗಿಗೆ ಹೊರಡುವ ಸೂಚನೆ. ನೀವು ವರ್ಷವಿಡೀ ನೀರು ಹಾಕಿ ಆ ನಿದ್ದೆಯನ್ನು ತಪ್ಪಿಸಿದ್ದೀರಿ. ಹಬ್ಬಗಳ ಲೆಕ್ಕದಲ್ಲಿ ಹೇಳುವುದಾದರೆ, ದೀಪಾವಳಿಗೆ ನೀರು ನಿಲ್ಲಿಸಿ, ಸಂಕ್ರಾಂತಿ ಕಳೆದು ಒಂದೆರಡು ವಾರವಾದ ಮೇಲೆ ಮತ್ತೆ ಕೊಡಿ. ಕನಿಷ್ಠ ಎಂಟರಿಂದ ಹತ್ತು ವಾರಗಳ ವಿಶ್ರಾಂತಿ ಸಿಗಬೇಕು. ಮೈಸೂರಿನಲ್ಲಿ ಅಕ್ಟೋಬರ್‌ನಲ್ಲೂ, ಒಮ್ಮೊಮ್ಮೆ ನವೆಂಬರ್‌ನಲ್ಲೂ ಮಳೆ ಬೀಳುತ್ತದೆ, ಆದ್ದರಿಂದ ಸ್ವಾತಿ ಮಳೆಯ ಹೊತ್ತಿಗೆ ಕುಂಡಗಳನ್ನು ಸೂರಿನ ಕೆಳಗೆ, ಬೆಳಕಿರುವ ಕಡೆ ಸರಿಸಿಡಿ. ಆಗ ಎಲೆ ತಾನಾಗಿ ಹಳದಿಯಾಗಿ ಒಣಗಿದರೆ ಕೈಯಿಂದ ಎಳೆದರೆ ಸಾಕು, ಬಂದುಬಿಡುತ್ತದೆ. ಕೆಲವು ಎಲೆ ಹಸಿರಾಗಿಯೇ ಉಳಿಯಬಹುದು, ಅವನ್ನು ಹಾಗೆಯೇ ಬಿಡಿ. ಎಲೆ ಉದುರಲೇಬೇಕೆಂಬ ನಿಯಮವಿಲ್ಲ, ಮಣ್ಣು ಒಣಗಿದ್ದರಾಯಿತು.

ಫೆಬ್ರವರಿ ಆರಂಭದಲ್ಲಿ ಒಮ್ಮೆ ಚೆನ್ನಾಗಿ ನೀರುಣಿಸಿ, ಆಮೇಲೆ ಮೇಲ್ಮಣ್ಣು ಒಣಗಿದಾಗ ಮಾತ್ರ ಕೊಡಿ. ಗೆಡ್ಡೆಯ ಕುತ್ತಿಗೆಯ ಪಕ್ಕದಿಂದ ಗಿಳಿಯ ಕೊಕ್ಕಿನಂಥ ಮೊನೆ ಇಣುಕಿದರೆ ಅದು ಹೂದಂಟು. ಎಲೆಯಾದರೆ ಚಪ್ಪಟೆಯಾಗಿ ನಾಲಗೆಯಂತೆ ಬರುತ್ತದೆ. ಮೊನೆ ಕಂಡ ಮೇಲೆ ಅರಳಲು ಸುಮಾರು ಒಂದು ತಿಂಗಳು. ಹೂವು ಬಾಡಿದ ಮೇಲೆ, ಬೀಜ ಬೇಡವಾದರೆ, ತುದಿಯ ಹೂಗಳನ್ನಷ್ಟೇ ಚಿವುಟಿ. ಟೊಳ್ಳು ದಂಟು ಹಸಿರಾಗಿರುವವರೆಗೆ ಅದೂ ಆಹಾರ ತಯಾರಿಸುತ್ತದೆ, ಹಳದಿಯಾದ ಮೇಲೆ ತೆಗೆದರೆ ಸಾಕು.

ಈಗ, ಮೇ ತಿಂಗಳಿನಲ್ಲಿ, ಮಾಡಬೇಕಾದ್ದು ಎಲೆಗಳನ್ನು ಸಾಕುವ ಕೆಲಸ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳುವ ಜಾಗಕ್ಕೆ ಕುಂಡಗಳನ್ನು ತನ್ನಿ. ನೆರಳಿನಲ್ಲಿ ಬೆಳೆದ ಎಲೆ ಉದ್ದವಾಗಿ, ತೆಳ್ಳಗಾಗಿ ಜೋತುಬೀಳುತ್ತದೆ, ಬಿಸಿಲಿನಲ್ಲಿ ಬೆಳೆದದ್ದು ಗಿಡ್ಡವಾಗಿ ನೆಟ್ಟಗೆ ನಿಲ್ಲುತ್ತದೆ. ನಿಮ್ಮ ಎಲೆಗಳು ಅಂದಗೆಡಲು ಅರ್ಧ ಕಾರಣ ಬಿಸಿಲಿನ ಕೊರತೆಯೇ ಇರಬೇಕು. ಕೆಂಪು ಮಣ್ಣು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ದಪ್ಪ ಮರಳು ಸಮಪಾಲು ಇರುವ ಮಣ್ಣು ಇದಕ್ಕೆ ಒಗ್ಗುತ್ತದೆ, ಜೊತೆಗೆ ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಮತ್ತು ಮೂಳೆಪುಡಿ. ಮಳೆಗಾಲದುದ್ದಕ್ಕೂ ತಿಂಗಳಿಗೊಮ್ಮೆ ಎರೆಗೊಬ್ಬರ ಹಾಕಿ. ಯೂರಿಯಾ ಬೇಡ, ಅದು ಎಲೆಯನ್ನು ಸೊಂಪಾಗಿಸಿ ಗೆಡ್ಡೆಯನ್ನು ಮೆದುವಾಗಿಸುತ್ತದೆ. ಗೆಡ್ಡೆಗೆ ಬೇಕಾದ್ದು ಪೊಟ್ಯಾಷ್. ಸೌದೆಒಲೆಯ ಬೂದಿ ಸಿಕ್ಕರೆ ಎರಡು ತಿಂಗಳಿಗೊಮ್ಮೆ ಒಂದು ಚಮಚ ಸಾಕು, ಹೆಚ್ಚಾದರೆ ಮಣ್ಣು ಕ್ಷಾರವಾಗುತ್ತದೆ.

ನೆಡುವ ಆಳದಲ್ಲಿ ತುಂಬ ಜನ ತಪ್ಪುತ್ತಾರೆ. ಕುಂಡದಲ್ಲಿ ಗೆಡ್ಡೆಯ ಮೇಲಿನ ಮೂರನೆಯ ಒಂದು ಭಾಗ, ಅರ್ಧದಷ್ಟಾದರೂ ಸರಿಯೇ, ಮಣ್ಣಿನ ಹೊರಗೆ ಕಾಣುತ್ತಿರಬೇಕು. ಕುತ್ತಿಗೆಯವರೆಗೆ ಹೂತರೆ ಮಳೆನೀರು ಎಲೆಗಳ ಸಂದಿಯಲ್ಲಿ ನಿಂತು ಕೊಳೆ ಶುರುವಾಗುತ್ತದೆ. ಗೆಡ್ಡೆಗೂ ಕುಂಡದ ಅಂಚಿಗೂ ನಡುವೆ ಎರಡು ಮೂರು ಬೆರಳಿನ ಅಂತರ ಸಾಕು, ತೀರಾ ದೊಡ್ಡ ಕುಂಡದಲ್ಲಿ ಮಣ್ಣು ಬೇಗ ಒಣಗದೆ ತೊಂದರೆ. ಕುಂಡ ಬದಲಿಸುವಾಗ ದಪ್ಪ ಬೇರುಗಳನ್ನು ಕತ್ತರಿಸಬೇಡಿ, ಅವು ವರ್ಷದಿಂದ ವರ್ಷಕ್ಕೆ ಉಳಿಯುವ ಬೇರುಗಳು. ಮೂರು ನಾಲ್ಕು ವರ್ಷಗಳಿಗೊಮ್ಮೆ ಬದಲಿಸಿದರೆ ಸಾಕು, ಬದಲಿಸಿದ ವರ್ಷ ಗಿಡ ಮುನಿಸಿಕೊಂಡು ಹೂ ಬಿಡದೆ ಇರಬಹುದು.

ಒಂದು ಶತ್ರುವಿನ ಬಗ್ಗೆ ಎಚ್ಚರಿಸಲೇಬೇಕು. ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಎಲೆಯ ತುದಿಗಳು ಕಾಗದದಂತೆ ಬಿಳಿಚಿಕೊಂಡಿರುತ್ತವೆ, ಬುಡದಲ್ಲಿ ಕಪ್ಪು ಹಿಕ್ಕೆ. ಎಲೆ ತಿರುಗಿಸಿದರೆ ಗುಂಪಾಗಿ ಹುಳುಗಳು: ಕಪ್ಪು ಮೈ, ಅದರ ಮೇಲೆ ಬಿಳಿ ಚುಕ್ಕೆ, ಕೆಂಪು-ಕಿತ್ತಳೆ ಮಚ್ಚೆ. ಇದು ಲಿಲ್ಲಿ ಪತಂಗದ ಮರಿ. ಗೌರಿಹೂವಿನ ಬಳ್ಳಿಯನ್ನು ತಿನ್ನುವುದೂ ಇದೇ ಹುಳು. ನಾಲ್ಕು ದಿನ ಬಿಟ್ಟರೆ ಕುಂಡದಲ್ಲಿ ಎಲೆಯೇ ಉಳಿಯುವುದಿಲ್ಲ, ಅಂದರೆ ನಿಮ್ಮ ಕತ್ತರಿಯ ಕೆಲಸವನ್ನು ಹುಳು ಮಾಡಿ ಮುಗಿಸುತ್ತದೆ. ಸಂಜೆ ಟಾರ್ಚ್ ಹಿಡಿದು ನೋಡಿ, ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ. ಎಲೆಯಡಿಯಲ್ಲಿ ಮೊಟ್ಟೆಗಳ ಗುಂಪು ಕಂಡರೆ ಒರೆಸಿಬಿಡಿ. ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಕಲಸಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಎಲೆ, ದಂಟುಗಳ ಮೇಲೆ ಕೆಂಪು ಗೀರುಗಳಂಥ ಕಲೆ ಬಂದರೆ ಅದು ಶಿಲೀಂಧ್ರ, ಎಲೆ ಮೇಲೆ ನೀರು ಸುರಿಯುವುದನ್ನು ನಿಲ್ಲಿಸಿ. ಎಲೆಯಲ್ಲಿ ಹಳದಿ-ಹಸಿರು ಚೌಕಳಿ ಮೂಡಿ, ವರ್ಷದಿಂದ ವರ್ಷಕ್ಕೆ ಗಿಡ ಸೊರಗಿದರೆ ಅದು ಮೊಸಾಯಿಕ್ ವೈರಸ್. ಅದಕ್ಕೆ ಮದ್ದಿಲ್ಲ. ಅಂಥ ಗಿಡದಿಂದ ಒಂದು ಮರಿಯನ್ನೂ ತೆಗೆಯಬೇಡಿ, ಅದನ್ನು ಮುಟ್ಟಿದ ಚಾಕುವನ್ನು ಬೇರೆ ಗಿಡಕ್ಕೆ ತಾಗಿಸಬೇಡಿ.

ಇನ್ನು ಗಿಡ ಹೆಚ್ಚಿಸುವ ಮಾತು. ಮೂರು ದಾರಿಗಳಿವೆ. ಮೊದಲನೆಯದು ನಿಮಗೆ ಗೊತ್ತಿರುವುದೇ, ಮರಿಗೆಡ್ಡೆ. ತಾಯಿಗೆಡ್ಡೆಯ ಬುಡದ ಬಿಲ್ಲೆಯ ಅಂಚಿನಲ್ಲಿ ಮರಿಗಳು ಹುಟ್ಟುತ್ತವೆ. ಮರಿಯ ಗಾತ್ರ ತಾಯಿಯ ಮೂರನೆಯ ಒಂದು ಭಾಗದಷ್ಟಾಗಿ, ತನ್ನದೇ ಬೇರು ಬಿಟ್ಟ ಮೇಲೆ ಬೇರ್ಪಡಿಸಬೇಕು. ಜನವರಿ ಕೊನೆಯಲ್ಲಿ, ವಿಶ್ರಾಂತಿ ಮುಗಿಯುವ ಹೊತ್ತಿಗೆ, ಕುಂಡದಿಂದ ಇಡೀ ಗಡ್ಡೆಗುಂಪನ್ನು ತೆಗೆದು, ಮಣ್ಣು ಉದುರಿಸಿ, ಮರಿಯನ್ನು ಹಿಡಿದು ಪಕ್ಕಕ್ಕೆ ಬಾಗಿಸಿದರೆ ಸಣ್ಣ ಸದ್ದಿನೊಂದಿಗೆ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಬಲವಂತ ಮಾಡದೆ ಚಾಕುವಿನಿಂದ ಬಿಲ್ಲೆಯ ಚೂರನ್ನೂ ಸೇರಿಸಿ ಕತ್ತರಿಸಿ. ಕತ್ತರಿಸಿದ ಗಾಯ ನೆರಳಿನಲ್ಲಿ ಎರಡು ದಿನ ಒಣಗಲಿ, ಆಮೇಲೆ ನೆಡಿ. ಹೀಗೆ ತೆಗೆದ ಮರಿ ಎರಡು ವರ್ಷಗಳಲ್ಲಿ ಹೂ ಬಿಡುತ್ತದೆ. ಕಿಕ್ಕಿರಿದ ಕುಂಡದಲ್ಲಿ ತಾಯಿ, ಮರಿಗಳು ಒಂದೇ ತುತ್ತಿಗೆ ಪೈಪೋಟಿ ನಡೆಸುತ್ತವೆ. ನಿಮ್ಮ ಆರು ಕುಂಡಗಳಲ್ಲಿ ಯಾವುದರಲ್ಲಾದರೂ ನಾಲ್ಕೈದು ಮರಿಗಳು ಒತ್ತಿಕೊಂಡಿದ್ದರೆ ಹೂವು ನಿಲ್ಲಲು ಅದೂ ಒಂದು ಕಾರಣ.

ಎರಡನೆಯ ದಾರಿ ಕಡಿಮೆ ಜನರಿಗೆ ಗೊತ್ತು. ಒಂದೇ ಗೆಡ್ಡೆಯಿಂದ ಇಪ್ಪತ್ತಕ್ಕೂ ಹೆಚ್ಚು ಗಿಡ ಮಾಡಬಹುದಾದ ಜೋಡಿ ಪದರದ ವಿಧಾನ ಇದು. ಇದರ ಆಧಾರ ಒಂದೇ ಒಂದು ಸತ್ಯ: ಎರಡು ಪದರಗಳ ನಡುವೆ, ಬುಡದ ಬಿಲ್ಲೆಗೆ ಅಂಟಿದ ಮೂಲೆಯಲ್ಲಿ, ಹೊಸ ಗೆಡ್ಡೆ ಹುಟ್ಟಬಲ್ಲ ಜೀವವಿದೆ. ಬಿಲ್ಲೆಯ ಚೂರು ಇಲ್ಲದ ಪದರ ಬರೀ ಸಿಪ್ಪೆ, ಅದು ಕೊಳೆಯುತ್ತದೆ.

ಡಿಸೆಂಬರ್ ಅಥವಾ ಜನವರಿಯಲ್ಲಿ, ಗಟ್ಟಿಯಾದ, ಯಾವ ಕಲೆಯೂ ಇಲ್ಲದ ಒಂದು ಗೆಡ್ಡೆ ಆರಿಸಿ. ಒಣ ಹೊರಸಿಪ್ಪೆ ಸುಲಿದು ತೊಳೆಯಿರಿ. ಬೇರುಗಳನ್ನು ಬಿಲ್ಲೆಯ ಮಟ್ಟಕ್ಕೆ ಸವರಿ, ಬಿಲ್ಲೆಗೆ ಗಾಯವಾಗಬಾರದು. ಮೇಲಿನ ಕುತ್ತಿಗೆಯ ಭಾಗ ಕತ್ತರಿಸಿ ಬಿಸಾಡಿ. ಈಗ ಗೆಡ್ಡೆಯನ್ನು ತಲೆಕೆಳಗಾಗಿ ಇಟ್ಟು, ಬಿಲ್ಲೆಯ ನಡುವಿನಿಂದ ನೇರ ಕೆಳಕ್ಕೆ ಎರಡು ಹೋಳು ಮಾಡಿ, ಅದನ್ನು ನಾಲ್ಕು, ನಾಲ್ಕನ್ನು ಎಂಟು, ಮೂಸಂಬಿ ಹೋಳು ಮಾಡುವಂತೆ. ಪ್ರತಿ ಹೋಳಿನ ಬುಡದಲ್ಲೂ ಬಿಲ್ಲೆಯ ತುಂಡು ಇರಬೇಕು. ಒಂದೊಂದು ಗೆಡ್ಡೆಗೆ ಕೈಹಾಕುವ ಮೊದಲೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಹೊಸಬರು ಇಲ್ಲಿಗೆ ನಿಲ್ಲಿಸಬಹುದು, ಎಂಟು ಹೋಳುಗಳಿಂದಲೂ ಮರಿ ಬರುತ್ತವೆ. ಇನ್ನೂ ಹೆಚ್ಚು ಬೇಕಾದರೆ, ಹೋಳಿನ ಪದರಗಳನ್ನು ಎರಡೆರಡಾಗಿ ಹಿಡಿದು, ಎರಡನೆಯ ಮತ್ತು ಮೂರನೆಯ ಪದರದ ಸಂದಿಗೆ ಚಾಕುವಿನ ತುದಿ ಇಳಿಸಿ, ಕೆಳಗಿನ ಬಿಲ್ಲೆಯನ್ನೂ ಸೇರಿಸಿ ಬೇರ್ಪಡಿಸಿ. ಕೈಯಲ್ಲಿ ಉಳಿಯುವ ತುಂಡು ಬುಡದಲ್ಲಿ ಕೂಡಿಕೊಂಡ ಎರಡು ಎಸಳು, ಮುಚ್ಚಿದ ಪುಸ್ತಕದಂತೆ ಕಾಣುತ್ತದೆ.

ಈ ತುಂಡುಗಳನ್ನು ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕದ ದ್ರಾವಣದಲ್ಲಿ, ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ, ಕೈಗವಸು ಹಾಕಿಕೊಂಡು ಅರ್ಧ ಗಂಟೆ ನೆನೆಸಿ, ಸೋಸಿ ಆರಲು ಬಿಡಿ. ತೆಂಗಿನ ನಾರಿನ ಪುಡಿಯನ್ನು ನೀರಿನಲ್ಲಿ ನೆನೆಸಿ ಬಲವಾಗಿ ಹಿಂಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಒಂದು ಹನಿಯೂ ಇಳಿಯಬಾರದು. ಈ ಹದ ತಪ್ಪಿದರೆ ಎಲ್ಲವೂ ತಪ್ಪಿದಂತೆ. ನನ್ನ ಮೊದಲ ಪ್ರಯತ್ನ ಒದ್ದೆ ಹೆಚ್ಚಾಗಿ ಪೂರ್ತಿ ಕೊಳೆತಿತ್ತು. ತುಂಡುಗಳನ್ನು ಪುಡಿಯ ಜೊತೆ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ತುಂಬಿಸಿ ಬಾಯಿ ಕಟ್ಟಿ, ಕತ್ತಲಿನ ಕಪಾಟಿನಲ್ಲಿಡಿ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು, ಮೈಸೂರಿನ ಜನವರಿ, ಫೆಬ್ರವರಿಯ ಮನೆಯೊಳಗೆ ಅದು ತಾನಾಗಿಯೇ ಸಿಗುತ್ತದೆ. ವಾರಕ್ಕೊಮ್ಮೆ ಚೀಲ ತೆರೆದು, ಬೂಷ್ಟು ಹಿಡಿದ ತುಂಡಿದ್ದರೆ ಎತ್ತಿ ಬಿಸಾಡಿ. ಎಂಟರಿಂದ ಹನ್ನೆರಡು ವಾರಗಳಲ್ಲಿ ಎರಡು ಎಸಳುಗಳ ನಡುವಿನ ಬುಡದಲ್ಲಿ ಬಟಾಣಿ ಗಾತ್ರದ, ಮುತ್ತಿನಂತೆ ಹೊಳೆಯುವ ಬಿಳಿ ಗೆಡ್ಡೆ ಕಾಣುತ್ತದೆ. ಮೊದಲ ಬಾರಿ ಅದನ್ನು ನೋಡಿದಾಗ ಆಗುವ ಸಂತೋಷವನ್ನು ನೀವೇ ಅನುಭವಿಸಬೇಕು. ಹಳೆಯ ಎಸಳುಗಳನ್ನು ಕೀಳದೆ, ಹಾಗೆಯೇ ಮರಳುಮಿಶ್ರಿತ ಮಣ್ಣಿನಲ್ಲಿ ಬಟಾಣಿ ಮುಚ್ಚುವಷ್ಟು ಆಳಕ್ಕೆ ನೆಡಿ. ಮರಿ ಅವುಗಳ ಸಾರವನ್ನೆಲ್ಲ ಉಂಡು ಬೆಳೆಯುತ್ತದೆ. ಮೊದಲ ಎರಡು ವರ್ಷ ಈ ಮರಿಗಳಿಗೆ ಚಳಿಗಾಲದ ಉಪವಾಸ ಬೇಡ, ನೀರು ಕೊಡುತ್ತಲೇ ಇರಿ. ಮೂರನೆಯ ಅಥವಾ ನಾಲ್ಕನೆಯ ವರ್ಷ ಹೂವು. ಬಣ್ಣ, ಗೆರೆ ಎಲ್ಲವೂ ತಾಯಿಯಂತೆಯೇ ಇರುತ್ತದೆ.

ಬೀಜದ ದಾರಿ ಹೊಸ ಬಣ್ಣ ಬೇಕೆನ್ನುವವರಿಗೆ. ಅತ್ತೆಯ ಹೂವನ್ನೇ ಉಳಿಸಬೇಕೆಂಬ ನಿಮಗೆ ಇದು ಸಲ್ಲದು, ಏಕೆಂದರೆ ಮಿಶ್ರತಳಿಯ ಬೀಜದ ಮಕ್ಕಳು ತಾಯಿಯನ್ನು ಹೋಲುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಮಾತ್ರ ಬೇರೆ ಲಿಲ್ಲಿಗಳಲ್ಲಿ ಒಮ್ಮೆ ಮಾಡಿಸಿ. ಒಂದು ಗಿಡದ ಪರಾಗವನ್ನು ಇನ್ನೊಂದರ ಶಲಾಕೆಯ (ಹೂವಿನ ನಡುವಿನ ಹೆಣ್ಣು ಕಡ್ಡಿಯ) ತುದಿ ಮೂರಾಗಿ ಬಿರಿದ ದಿನ ಸವರಿದರೆ, ನಾಲ್ಕರಿಂದ ಆರು ವಾರಗಳಲ್ಲಿ ಕಾಯಿ ಒಡೆದು ಕರಿಕಾಗದದ ಚೂರುಗಳಂಥ ಬೀಜಗಳು ಸಿಗುತ್ತವೆ. ಅವನ್ನು ತಟ್ಟೆಯ ನೀರಿನ ಮೇಲೆ ತೇಲಿಬಿಟ್ಟರೆ ಎರಡು ವಾರಗಳಲ್ಲಿ ಬೇರಿನ ಎಳೆ ಹೊರಬರುತ್ತದೆ. ಬೀಜವನ್ನು ಕೂಡಿಡಬಾರದು, ತಾಜಾ ಇರುವಾಗಲೇ ಮೊಳಕೆ ಚೆನ್ನಾಗಿ ಬರುತ್ತದೆ.

ಟ್ಯುಲಿಪ್ ವಿಷಯದಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮಧ್ಯ ಏಷ್ಯಾದ ಬೆಟ್ಟಗಳಿಂದ ಬಂದ ಆ ಗಿಡದ ಹೂವು ಮಾರಾಟಕ್ಕೆ ಬರುವ ಗೆಡ್ಡೆಯಲ್ಲಿ ಆಗಲೇ ರೂಪುಗೊಂಡಿರುತ್ತದೆ, ಆದರೆ ಅದರ ದಂಟು ನೀಳವಾಗಿ ಬೆಳೆಯಲು 9 ಡಿಗ್ರಿಗಿಂತ ಕೆಳಗಿನ ಚಳಿ 12ರಿಂದ 16 ವಾರ ಬೇಕು. ಮೈಸೂರಿನ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆ ಚಳಿ ಸಿಗದ ಗೆಡ್ಡೆ ಎರಡೆಲೆ ಬಿಟ್ಟು ಸೋಲುತ್ತದೆ. ಫ್ರಿಜ್‌ನ ತರಕಾರಿ ಪೆಟ್ಟಿಗೆಯಲ್ಲಿ ಕಾಗದದ ಚೀಲದೊಳಗೆ ಅಷ್ಟು ವಾರ ಇಟ್ಟು, ಡಿಸೆಂಬರ್ ಕೊನೆಯಲ್ಲಿ ನೆಟ್ಟರೆ ಒಂದು ಬಾರಿ ಅರಳಿಸಬಹುದು. ಆದರೆ ಸೇಬು, ಬಾಳೆಹಣ್ಣು ಜೊತೆಗಿರಬಾರದು, ಅವು ಹೊರಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೊಲ್ಲುತ್ತದೆ. ಎರಡನೆಯ ವರ್ಷದ ಆಸೆ ಬೇಡ. ಹೂ ಮುಗಿದ ಮೇಲೆ ತಂಪಾದ ದೀರ್ಘ ವಸಂತದಲ್ಲಿ ಎಲೆ ದುಡಿದರೆ ಮಾತ್ರ ಅದರ ಗೆಡ್ಡೆ ತುಂಬುತ್ತದೆ, ನಮ್ಮ ಮಾರ್ಚ್ ಬಿಸಿಲಿಗೆ ಎಲೆ ಬೇಗ ಸುಟ್ಟುಹೋಗುತ್ತದೆ. ಟ್ಯುಲಿಪ್ ನೋಡುವ ಆಸೆಗೆ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಶ್ರೀನಗರವಿದೆ. ದಾಲ್ ಸರೋವರದ ಬಳಿ, ಜಬರ್ವಾನ್ ಬೆಟ್ಟದ ತಪ್ಪಲಲ್ಲಿರುವ ಟ್ಯುಲಿಪ್ ಉದ್ಯಾನ ಆಗ ಅರಳಿರುತ್ತದೆ. ಚಳಿದೇಶಗಳಲ್ಲಿರುವ ನಮ್ಮವರು ಡ್ಯಾಫೊಡಿಲ್ ಬೆಳೆಸುವಾಗಲೂ ಇದೇ ಎಲೆಯ ಮಾತು ಅನ್ವಯಿಸುತ್ತದೆ: ಹೂವು ಹೋದ ಮೇಲೆ ಕನಿಷ್ಠ ಆರು ವಾರ ಎಲೆ ಕತ್ತರಿಸಬಾರದು, ಗಂಟು ಕಟ್ಟಲೂಬಾರದು.

ಟ್ಯುಲಿಪ್‌ಗೆ ಕೊಡುವ ಹಣದಲ್ಲಿ ನಮ್ಮ ಹವೆಯನ್ನು ಪ್ರೀತಿಸುವ ಗೆಡ್ಡೆಗಳನ್ನು ತನ್ನಿ. ಲಿಲ್ಲಿ ಮುಗಿಯುವ ಹೊತ್ತಿಗೆ, ಭರಣಿ ಮಳೆಯ ಮೊದಲ ಹನಿಗಳಿಗೆ, ನೆರಳಿನ ಮೂಲೆಯಲ್ಲಿ ಫುಟ್‌ಬಾಲ್ ಲಿಲ್ಲಿಯ ಕೆಂಪು ಚೆಂಡು ಎಲೆಗಿಂತ ಮೊದಲೇ ಎದ್ದು ನಿಲ್ಲುತ್ತದೆ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಗುಲಾಬಿ, ಬಿಳಿ, ಹಳದಿ ಮಳೆಲಿಲ್ಲಿಗಳು. ಮಾರ್ಚ್, ಏಪ್ರಿಲ್‌ನಲ್ಲಿ ನೆಟ್ಟ ಸುಗಂಧರಾಜ ಮಳೆಗಾಲದಿಂದ ಪರಿಮಳ ಕೊಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಪ್ರಜ್ವಲ್ ತಳಿ ಸಿಕ್ಕರೆ ಅದನ್ನೇ ಹಾಕಿ.

ನಾದಿನಿಯರ ಪಾಲಿಗೆ ಹೀಗೆ ಮಾಡಿ. ಅತ್ತೆ ತಂದ ಮೂಲ ಗೆಡ್ಡೆ ಯಾವ ಕುಂಡದಲ್ಲಿದೆ ಎಂದು ನಿಮಗೆ ಗೊತ್ತಿದ್ದರೆ ಅದಕ್ಕೆ ಚಾಕು ಹಾಕಬೇಡಿ, ಈ ವರ್ಷ ಅದನ್ನು ಬರೀ ಉಣಿಸಿ. ಬರುವ ಜನವರಿಯಲ್ಲಿ ಉಳಿದ ಕುಂಡಗಳಿಂದ ದೊಡ್ಡ ಮರಿಗಳನ್ನು ತೆಗೆದು ಇಬ್ಬರಿಗೂ ಎರಡೆರಡು ಕೊಡಿ, ಜೋಡಿ ಪದರದ ಪ್ರಯೋಗಕ್ಕೆ ಇನ್ನೊಂದು ಸಾಮಾನ್ಯ ಗೆಡ್ಡೆ ಬಳಸಿ. ಕೊಡುವಾಗ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ‘ಹೂವಿನ ಗೆಡ್ಡೆ, ತಿನ್ನಬಾರದು’ ಎಂದು ಬರೆಯಿರಿ. ಈ ಗೆಡ್ಡೆಯಲ್ಲಿ ಲೈಕೊರಿನ್ ಎಂಬ ವಿಷವಿದೆ, ತಿಂದರೆ ವಾಂತಿ, ಭೇದಿ ಆಗುತ್ತದೆ. ಸುಲಿದಿಟ್ಟರೆ ಥೇಟ್ ಈರುಳ್ಳಿಯಂತೆಯೇ ಕಾಣುವುದರಿಂದ, ಒಣಗಲು ಇಟ್ಟ ಮರಿಗಳು ಅಡುಗೆಮನೆಯ ಬುಟ್ಟಿಯ ಹತ್ತಿರವೂ ಸುಳಿಯದಂತೆ ನೋಡಿಕೊಳ್ಳಿ.